ಕೈಬರಹದ ಪ್ರಾರ್ಥನಾ ಪುಸ್ತಕದಲ್ಲಿ ಅಚ್ಚಿನ ಚಿತ್ರ: ಬಡವರ ಚಿತ್ರಕಲೆಯೇ ಇದು?

ಕಡತದಹುಳು

ಎರಡು ವಾರಗಳಿಂದ ನನಗೊಂದು ಗೀಳು ಹತ್ತಿದೆ. ರಾತ್ರಿ ಊಟ ಮುಗಿಯಿತೆಂದರೆ ಜರ್ಮನಿಯ ಗ್ರಂಥಾಲಯಗಳು ಅಂತರಜಾಲದಲ್ಲಿ ತೆರೆದಿಟ್ಟಿರುವ ಹಳೆಯ ಹಸ್ತಪ್ರತಿಗಳನ್ನು ಪುಟ ಪುಟವಾಗಿ ತಿರುವುತ್ತ ಕೂರುತ್ತೇನೆ. ಜರ್ಮನ್ ನನಗೆ ಅಷ್ಟಕ್ಕಷ್ಟೆ. 15ನೇ ಶತಮಾನದ ಜರ್ಮನ್ ಎಂದರಂತೂ ದೇವರೇ ಗತಿ. ಚಿತ್ರ ನೋಡಿ ತೃಪ್ತಿಪಡುವ ಪೈಕಿ ನಾನು.

ಮೊನ್ನೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ರಾರ್ಥನಾ ಪುಸ್ತಕವೊಂದು ಸಿಕ್ಕಿತು. ದಕ್ಷಿಣ ಜರ್ಮನಿಯದು, ಕಾಗದದ್ದು. ಬರಹವೆಲ್ಲ ಕೈಯದೇ. ಕಪ್ಪು ಮಸಿ, ನಡುನಡುವೆ ಕೆಂಪು ತಲೆಬರಹ, ಒಂದೆರಡು ಕಡೆ ತಪ್ಪಿದ ಪದಕ್ಕೆ ಗೀಟು ಎಳೆದದ್ದೂ ಕಾಣುತ್ತದೆ. ಆದರೆ ಯೇಸುವಿನ ಪಾಡುಗಳ, ಅಂದರೆ ಸೆರೆಯಿಂದ ಶಿಲುಬೆಯವರೆಗಿನ ಯಾತನೆಗಳ, ಚಿತ್ರಗಳು ಬೇರೆ ಥರ. ಗೆರೆಗಳೆಲ್ಲ ಒಂದೇ ದಪ್ಪ, ಬಣ್ಣ ಗೆರೆ ದಾಟಿ ಹರಿದಿದೆ, ಅಂಚಿನಲ್ಲಿ ಕತ್ತರಿಯಾಡಿದ ಗುರುತು, ಸುತ್ತ ಅಂಟಿನ ಕಲೆ. ಅಚ್ಚು ಹಾಕಿದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದಾರೆ!

ನನ್ನ ಪ್ರಶ್ನೆ ಎರಡು. ಚಿತ್ರ ಅಚ್ಚಿನದಾದ ಮೇಲೆ ಬರಹವನ್ನೂ ಅಚ್ಚು ಮಾಡಿಸದೆ ಕೈಯಲ್ಲಿ ಏಕೆ ಬರೆದರು? ಚಿತ್ರಕಾರನಿಗೆ ಕೊಡಲು ಹಣವಿಲ್ಲದವರು ಮಾಡಿಕೊಂಡ ಅಗ್ಗದ ಏರ್ಪಾಡು ಇದು ಎಂದು ನನ್ನ ಊಹೆ. ಸರಿಯೇ?

ಮರದಚ್ಚು

ಮೊದಲ ಪ್ರಶ್ನೆಯಲ್ಲಿ ಕಾಲ ಹಿಂದುಮುಂದಾಗಿದೆ, ಕಡತದಹುಳು ಅವರೇ. ಗುಟೆನ್‌ಬರ್ಗ್ ಮೈನ್ಸ್‌ನಲ್ಲಿ ಬೈಬಲ್ ಮುದ್ರಿಸಿ ಮುಗಿಸಿದ್ದು 1455ರ ಸುಮಾರಿಗೆ. ಕಾಗದದ ಮೇಲೆ ಮರದಚ್ಚಿನ ಚಿತ್ರ ಅದಕ್ಕಿಂತ ಅರ್ಧ ಶತಮಾನದಷ್ಟು ಹಳೆಯದು. ಬಟ್ಟೆಗೆ ಅಚ್ಚು ಹಾಕುವ ಮರದ ಪಡಿ, ಅಂದರೆ ಕೆತ್ತಿದ ಹಲಗೆ, ಯುರೋಪಿನಲ್ಲಿ ಮೊದಲೇ ಇತ್ತು, ಕಾಯುತ್ತಿದ್ದದ್ದು ಕಾಗದಕ್ಕೆ. 1390ರಲ್ಲಿ ಉಲ್ಮನ್ ಸ್ಟ್ರೋಮರ್ ಎಂಬ ವರ್ತಕ ನ್ಯೂರೆಂಬರ್ಗ್‌ನ ಹೊರಗೆ, ಪೆಗ್ನಿಟ್ಸ್ ಹೊಳೆಯ ನೀರಿನ ಬಲದಿಂದ ಓಡುವ ಕಾಗದದ ಗಿರಣಿ ಹಾಕಿದ. ಆಲ್ಪ್ಸ್ ಪರ್ವತದಿಂದ ಉತ್ತರಕ್ಕೆ, ಜರ್ಮನ್ ನೆಲದಲ್ಲಿ ಅದೇ ಮೊದಲನೆಯದು. ಆಮೇಲೆ ಒಂದೆರಡು ತಲೆಮಾರಿನಲ್ಲಿ ಸಂತರ ಚಿತ್ರ, ಇಸ್ಪೀಟು ಎಲೆ, ಎಲ್ಲವೂ ಮರದಚ್ಚಿನಲ್ಲಿ ಬಂದವು. ಒಂದೇ ಊರಿನ ಒಂದೇ ಬಗೆಯ ಕುಶಲಕರ್ಮಿಗಳು ಎರಡನ್ನೂ ಮಾಡಿರಬಹುದು. ಜೂಜಿಗೂ ಜಪಕ್ಕೂ ಒಂದೇ ಉಳಿ.

ಅಂದರೆ ಅಚ್ಚಿನ ಚಿತ್ರ ಹುಟ್ಟಿದ್ದು ಕೈಬರಹದ ಲೋಕದಲ್ಲೇ. ಜೊತೆಗೆ ಹೋಗಲು ಬೇರೆ ಪುಸ್ತಕವೇ ಇರಲಿಲ್ಲ. ಮೊಳೆಯಚ್ಚಿನ (ಬಿಡಿ ಲೋಹದ ಅಕ್ಷರಗಳನ್ನು ಜೋಡಿಸಿ ಒತ್ತಿದ) ಬರಹ ಮತ್ತು ಮರದಚ್ಚಿನ ಚಿತ್ರ ಒಂದೇ ಪುಸ್ತಕದಲ್ಲಿ ಕೂಡಿದ್ದು 1461ರಲ್ಲಿ, ಬಾಂಬೆರ್ಗ್‌ನ ಆಲ್‌ಬ್ರೆಕ್ಟ್ ಫಿಸ್ಟರ್ ಎಂಬಾತನ ಮುದ್ರಣಾಲಯದಲ್ಲಿ.

ಇನ್ನೊಂದು ಸೂಕ್ಷ್ಮ. ಆರಂಭದ ದಿನಗಳಲ್ಲಿ ಈ ಚಿತ್ರಗಳಿಗೆ ಒತ್ತುಯಂತ್ರ ಬೇಕಿರಲಿಲ್ಲ. ಪೇರಳೆ ಜಾತಿಯ ಹಣ್ಣಿನ ಮರದ ಹಲಗೆಯಲ್ಲಿ ಗೆರೆ ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುವುದು, ಮಸಿ ಸವರುವುದು, ಒದ್ದೆ ಕಾಗದ ಹಾಸಿ ಬೆನ್ನ ಕಡೆಯಿಂದ ಉಜ್ಜುವುದು. ಇಲ್ಲವೇ ಮಸಿ ಹಚ್ಚಿದ ಪಡಿಯನ್ನೇ ಮುದ್ರೆಯಂತೆ ಕಾಗದದ ಮೇಲೆ ಒತ್ತುವುದು. ಉಜ್ಜಿ ತೆಗೆದ ಹಾಳೆಯ ಇನ್ನೊಂದು ಮಗ್ಗುಲಿಗೆ ಅಚ್ಚು ಹಾಕಲಾಗುವುದಿಲ್ಲ, ಮೊದಲ ಚಿತ್ರ ಕೆಟ್ಟುಹೋಗುತ್ತದೆ. ಹಾಗಾಗಿ ಬೆನ್ನು ಖಾಲಿ. ಆ ಖಾಲಿ ಬೆನ್ನಿನ ಮೇಲೆಯೇ ಲಿಪಿಕಾರರು ಪ್ರಾರ್ಥನೆ ಮುಂದುವರಿಸಿದ್ದನ್ನು ಎಷ್ಟೋ ಪುಸ್ತಕಗಳಲ್ಲಿ ನೋಡಬಹುದು. ನೀವು ಅಂಟಿಸಿದ್ದನ್ನು ಮಾತ್ರ ನೋಡಿದ್ದೀರಿ. ಚಿತ್ರದ ಹಾಳೆಯನ್ನೇ ಮಡಿಸಿ ಹೊಲಿಗೆಯೊಳಗೆ ಸೇರಿಸಿದ್ದೂ ಇದೆ, ಪುಸ್ತಕದ ಪುಟಕ್ಕೇ ನೇರವಾಗಿ ಅಚ್ಚು ಒತ್ತಿದ್ದೂ ಇದೆ.

ಸಂದೇಹಿ

ಇಷ್ಟೆಲ್ಲ ವಿವರಣೆಯಾದರೂ ಎರಡನೆಯ ಪ್ರಶ್ನೆಗೆ ಉತ್ತರ "ಹೌದು, ಅಗ್ಗ" ಎಂಬುದೇ ತಾನೆ? ನೂರಾರು ಪ್ರತಿ ತೆಗೆಯಬಲ್ಲ ಪಡಿ, ಅಳತೆಗೆ ಕತ್ತರಿಸಿದ ಕೊರೆಯಚ್ಚು (ಸ್ಟೆನ್ಸಿಲ್) ಇಟ್ಟು ಸರಸರನೆ ಬಳಿದ ಬಣ್ಣ, ಸಂತೆಯಲ್ಲಿ ಮಾರಾಟ. 1441ರಲ್ಲಿ ವೆನಿಸ್ ನಗರದ ಆಡಳಿತ ಹೊರಗಿನಿಂದ ಬರುವ ಅಚ್ಚಿನ ಇಸ್ಪೀಟು ಮತ್ತು ಚಿತ್ರಗಳನ್ನು ನಿಷೇಧಿಸಿತು, ಅಲ್ಲಿನ ಕುಶಲಕರ್ಮಿಗಳ ಹೊಟ್ಟೆಪಾಡಿಗೆ ಕುತ್ತು ಬಂದಿತೆಂದು. ಅಷ್ಟು ಸರಕು ಓಡಾಡುತ್ತಿತ್ತು. ಇದನ್ನು ಭಕ್ತಿಯ ಮಹಾಕಾವ್ಯ ಮಾಡುವುದು ಬೇಡ. ಚಿನ್ನದ ರೇಕು ಹಚ್ಚಿದ ಚರ್ಮದ ಹಾಳೆ ಕೊಳ್ಳಲಾಗದವರು ಇದನ್ನು ಕೊಂಡರು. ಅಷ್ಟೆ.

ಪೆಗ್ನಿಟ್ಸ್‌ದಂಡೆ

ಹೆಸರಿನಲ್ಲೇ ಗೊತ್ತಾಗುವಂತೆ ನಾನು ನ್ಯೂರೆಂಬರ್ಗ್‌ನಲ್ಲಿರುವವಳು. ಹನ್ನೊಂದು ವರ್ಷವಾಯಿತು. ಇಲ್ಲಿನ ನಗರ ಗ್ರಂಥಾಲಯದ ಪಕ್ಕದಲ್ಲೇ ಮೇಲ್ಛಾವಣಿಯಿಲ್ಲದ ಒಂದು ಇಗರ್ಜಿಯ ಗೋಡೆಗಳು ನಿಂತಿವೆ. ಸಂತ ಕ್ಯಾಥರೀನಳ ಕನ್ಯಾಮಠದ್ದು. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಬೇಸಿಗೆಯಲ್ಲಿ ಅದರೊಳಗೆ ಸಂಗೀತ ಕಛೇರಿ ನಡೆಯುತ್ತದೆ. ಎರಡು ಸಲ ಹೋಗಿ ಕೂತಿದ್ದೇನೆ. ಸಂದೇಹಿಯವರ "ಅಷ್ಟೆ" ಎಂಬ ಮಾತಿಗೆ ಆ ಜಾಗದಿಂದಲೇ ಉತ್ತರ ಕೊಡಬೇಕೆನಿಸಿತು.

1428ರಲ್ಲಿ ಅಲ್ಸೇಸ್‌ನ ಶೋನೆನ್‌ಸ್ಟೈನ್‌ಬಾಖ್ ಮಠದಿಂದ ಸೋದರಿಯರು ಬಂದು ಇಲ್ಲಿನ ಡೊಮಿನಿಕನ್ ಪಂಥದ ಈ ಕನ್ಯಾಮಠವನ್ನು ಸುಧಾರಿಸಿದರು. ಸುಧಾರಣೆ ಎಂದರೆ ನಿಯಮ ಬಿಗಿಯಾಯಿತು: ಹೊರಗಿನ ಓಡಾಟ ಬಂದ್, ಸ್ವಂತ ಆಸ್ತಿ ಇಲ್ಲ, ಊಟದ ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಮೌನವಾಗಿ ಕೇಳಬೇಕು. ಓದಲು ಪುಸ್ತಕ ಬೇಕಲ್ಲ? ಅವರೇ ಬರೆಯಲು ಕುಳಿತರು. ಶತಮಾನ ಮುಗಿಯುವ ಹೊತ್ತಿಗೆ 500ಕ್ಕೂ ಹೆಚ್ಚು ಪುಸ್ತಕಗಳಾದವು, ಬಹುಪಾಲು ಲ್ಯಾಟಿನ್ ಅಲ್ಲದೆ ಜರ್ಮನ್‌ನಲ್ಲಿ. ಆ ಕಾಲದ ಜರ್ಮನ್ ಭಾಷೆಯ ಇಷ್ಟು ದೊಡ್ಡ ಪುಸ್ತಕ ಸಂಗ್ರಹ ಇನ್ನೊಂದು ಗೊತ್ತಿಲ್ಲ. ಕುನಿಗುಂಡ್ ನಿಕ್ಲಾಸಿನ್ ಎಂಬ ಸೋದರಿ 1450ರ ದಶಕದಲ್ಲಿ ಪುಸ್ತಕಗಳಿಗೆಲ್ಲ ಅಕ್ಷರ, ಅಂಕಿ ಕೊಟ್ಟು ಪಟ್ಟಿ ಮಾಡಿದರು. ನಮ್ಮ ಕಾಲದ ಗ್ರಂಥಪಾಲಕರು ತಲೆದೂಗುವಂಥ ಕೆಲಸ.

ಇಂಥ ಸುಧಾರಿತ ಮಠಗಳ ಪುಸ್ತಕಗಳಲ್ಲೇ ಅಚ್ಚಿನ ಚಿತ್ರಗಳು ಹೆಚ್ಚಾಗಿ ಸಿಗುತ್ತವೆ. ನ್ಯೂರೆಂಬರ್ಗ್ ಮಾತ್ರವಲ್ಲ, 1426ರಲ್ಲಿ ಮೆಲ್ಕ್‌ನ ಬೆನೆಡಿಕ್ಟ್ ಸಂನ್ಯಾಸಿಗಳ ಪ್ರಭಾವದಿಂದ ಸುಧಾರಣೆ ಕಂಡ ಟೆಗರ್ನ್‌ಸೇ ಮಠದಲ್ಲೂ ಹಾಗೆಯೇ. ಶ್ರೀಮಂತ ಮಠ ಅದು. ಅವರಿಗೆ ಚಿತ್ರಕಾರನನ್ನು ಕರೆಸಲು ಹಣವಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಕೋಣೆಯಲ್ಲಿ ಒಬ್ಬರೇ ಕುಳಿತು ಯೇಸುವಿನ ಪಾಡನ್ನು ಗಂಟೆಗೊಂದರಂತೆ ಮನಸ್ಸಿಗೆ ತಂದುಕೊಳ್ಳುವ ಅಭ್ಯಾಸ ಬೆಳೆದಿತ್ತು. ಪ್ರತಿಯೊಬ್ಬರ ಕೈಗೂ ಒಂದು ಚಿಕ್ಕ ಪುಸ್ತಕ, ಅದರಲ್ಲಿ ಕಣ್ಣಿಗೊಂದು ಆಸರೆ ಬೇಕಿತ್ತು. ಒಂದೇ ಚಿತ್ರ ಹತ್ತು ಸೋದರಿಯರ ಹತ್ತು ಪುಸ್ತಕದಲ್ಲಿ ಇರುವುದನ್ನು ಅವರು ಕೊರತೆ ಎಂದುಕೊಂಡಿರಲಾರರು. ಎಲ್ಲರೂ ಒಂದೇ ಮುಖವನ್ನು ನೋಡುವುದರಲ್ಲಿ ಅವರಿಗೊಂದು ಒಗ್ಗಟ್ಟು ಕಂಡಿರಬೇಕೆಂದು ನನ್ನ ಅನಿಸಿಕೆ.

ಒಂದು ಅಡ್ಡಮಾತು: ಊರು ಪ್ರಾಟೆಸ್ಟೆಂಟ್ ಆದ ಮತಸುಧಾರಣೆಯ ನಂತರ, 1525ರಿಂದ, ಈ ಮಠ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಕೊನೆಯ ಸೋದರಿ ತೀರಿಕೊಂಡದ್ದು 1596ರಲ್ಲಿ. ಎಪ್ಪತ್ತು ವರ್ಷ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಪುಸ್ತಕ ಕಾಯ್ದುಕೊಂಡಿದ್ದರು.

ರಟ್ಟುಗಾರ

ನಾನು ವೃತ್ತಿಯಿಂದ ಪುಸ್ತಕ ಕಟ್ಟುವವನು, ಹಳೆಯ ಪುಸ್ತಕಗಳ ದುರಸ್ತಿ ಮಾಡುವವನು. ಅಗ್ಗ ಎಂಬ ಮಾತಿಗೆ ನನ್ನದೂ ಒಂದು ಎದುರುಮಾತು: ಹಾರ್ಟ್‌ಮನ್ ಶೆಡೆಲ್. ನ್ಯೂರೆಂಬರ್ಗ್‌ನ ವೈದ್ಯ, ಹಣವಂತ, 1493ರ ಪ್ರಸಿದ್ಧ ಸಚಿತ್ರ ಜಗತ್ಚರಿತ್ರೆಯನ್ನು ಬರೆದವನು. ಅವನು ತನ್ನ ಸ್ವಂತ ಸಂಗ್ರಹದ ಹಸ್ತಪ್ರತಿಗಳಿಗೂ ಅಚ್ಚಿನ ಪುಸ್ತಕಗಳಿಗೂ ಮರದಚ್ಚು, ತಾಮ್ರದ ಕೆತ್ತನೆಯ ಚಿತ್ರಗಳನ್ನು ಆಯ್ದು ಆಯ್ದು ಅಂಟಿಸುತ್ತಿದ್ದ. ಅವನ ಸಂಗ್ರಹ ಫುಗ್ಗರ್ ಎಂಬ ಸಿರಿವಂತ ವರ್ತಕ ಮನೆತನದ ಮೂಲಕ ಬವೇರಿಯಾದ ದೊರೆಯ ಕೈಸೇರಿ ಈಗ ಮ್ಯೂನಿಕ್‌ನಲ್ಲಿದೆ. ಅವನಿಗೆ ಹಣದ ಬರವೇ?

ಇನ್ನು ಈ ವಿಷಯದ ಅತ್ಯಂತ ಹೆಸರುವಾಸಿ ಚಿತ್ರ ಉಳಿದದ್ದೇ ರಟ್ಟಿನ ಕೃಪೆಯಿಂದ. ಮೆಮ್ಮಿಂಗೆನ್ ಹತ್ತಿರದ ಬುಕ್ಸ್‌ಹೈಮ್‌ನಲ್ಲಿ ಕಾರ್ತೂಸಿಯನ್ ಸಂನ್ಯಾಸಿಗಳ ಮಠವಿತ್ತು. ಮೌನವ್ರತದವರು, ಬಾಯಿಂದ ಬೋಧಿಸಲಾಗದ್ದನ್ನು ಕೈಯಿಂದ, ಅಂದರೆ ಪುಸ್ತಕ ನಕಲು ಮಾಡಿ, ಬೋಧಿಸುತ್ತೇವೆ ಎಂಬುದು ಅವರ ಪಂಥದ ಹಳೆಯ ಮಾತು. ಅಲ್ಲಿನ 1417ರ ಒಂದು ಲ್ಯಾಟಿನ್ ಹಸ್ತಪ್ರತಿಯ ಮುಂದಿನ ರಟ್ಟಿನ ಒಳಮೈಗೆ ಅಂಟಿಸಿದ್ದು ಮಂಗಳವಾರ್ತೆಯ (ದೇವದೂತ ಮರಿಯಾಳಿಗೆ ಸುದ್ದಿ ತರುವ) ಚಿತ್ರವೋ ಸಂತ ಕ್ರಿಸ್ಟೋಫರನ ಚಿತ್ರವೋ ಎಂದು ನನಗೆ ಯಾವಾಗಲೂ ಅದಲುಬದಲಾಗುತ್ತದೆ, ಎರಡೂ ಒಂದೊಂದು ರಟ್ಟಿನ ಒಳಗಡೆ ಇವೆ. ಕ್ರಿಸ್ಟೋಫರನ ಚಿತ್ರದ ಕೆಳಗೆ 1423 ಎಂದು ಪಡಿಯಲ್ಲೇ ಕೆತ್ತಿದೆ. 18ನೇ ಶತಮಾನದಲ್ಲಿ ಹೈನೆಕೆನ್ ಎಂಬ ವಿದ್ವಾಂಸ ಕಂಡುಹಿಡಿದ. ಆಮೇಲೆ ಇಂಗ್ಲೆಂಡಿನ ಲಾರ್ಡ್ ಸ್ಪೆನ್ಸರ್ ಕೊಂಡ. 1892ರಲ್ಲಿ ಅವನ ಮನೆತನದ ಪುಸ್ತಕಗಳೆಲ್ಲ ಮ್ಯಾಂಚೆಸ್ಟರ್‌ನ ರೈಲಂಡ್ಸ್ ಗ್ರಂಥಾಲಯಕ್ಕೆಂದು ಮಾರಾಟವಾದವು. ಚಿತ್ರ ಇವತ್ತಿಗೂ ಆ ಪುಸ್ತಕದಲ್ಲೇ ಇದೆ.

ಚಿತ್ರ ನೋಡಿ, ಮನಸ್ಸು ತುಂಬುತ್ತದೆ. ನಡುವೆ ಹೊಳೆ ದಾಟುತ್ತಿರುವ ದೈತ್ಯ, ಹೆಗಲ ಮೇಲೆ ಬಾಲಯೇಸು. ಒಂದು ದಂಡೆಯಲ್ಲಿ ನೀರಿನ ಗಿರಣಿ, ಪ್ರಾಣಿಯ ಮೇಲೆ ಹೇರು ಹೊರಿಸಿಕೊಂಡು ಹೋಗುವವನು. ಇನ್ನೊಂದು ದಂಡೆಯಲ್ಲಿ ಲಾಂದ್ರ ಹಿಡಿದ ಮುನಿ, ಬಿಲದಿಂದ ಇಣುಕುವ ಮೊಲ. ಕೆಳಗೆ ಎರಡು ಸಾಲು ಲ್ಯಾಟಿನ್: ಯಾವ ದಿನ ಕ್ರಿಸ್ಟೋಫರನ ಮುಖ ನೋಡುತ್ತೀಯೋ ಆ ದಿನ ನಿನಗೆ ದುರ್ಮರಣವಿಲ್ಲ. ಈಗ ಯೋಚಿಸಿ, ಆ ಚಿತ್ರವನ್ನು ರಟ್ಟಿನ ಒಳಮೈಗೆ ಏಕೆ ಅಂಟಿಸಿದರು? ಪುಸ್ತಕ ತೆರೆದಾಗಲೆಲ್ಲ, ಮುಚ್ಚಿದಾಗಲೆಲ್ಲ ಕಣ್ಣಿಗೆ ಬೀಳುವ ಜಾಗ ಅದು. ಅಂಟಿಸಿದವನಿಗೆ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ಸಂದೇಹಿ

ಶೆಡೆಲ್‌ನ ವಿಷಯ ಒಪ್ಪಿದೆ. "ಅಷ್ಟೆ" ಎಂಬುದನ್ನು ಹಿಂತೆಗೆದುಕೊಳ್ಳುತ್ತೇನೆ. ಅಗ್ಗ ಎಂಬುದನ್ನು ಹಿಂತೆಗೆದುಕೊಳ್ಳುವುದಿಲ್ಲ. ಅಗ್ಗವಾಗಿದ್ದರಿಂದಲೇ ಪ್ರತಿಯೊಬ್ಬ ಸೋದರಿಗೂ ಒಂದೊಂದು ಚಿತ್ರ ಎಟುಕಿತು. ಪೆಗ್ನಿಟ್ಸ್‌ದಂಡೆ ಮೇಡಂ ಹೇಳಿದ ಒಗ್ಗಟ್ಟಿಗೂ ಬುಡ ಅದೇ.

ಪೆಗ್ನಿಟ್ಸ್‌ದಂಡೆ

ಅದು ಸರಿ. ಜಗಳ ಮುಗಿಯಿತು.

ಆದರೆ ಈ ಹಾಳೆಗಳು ಬರೀ ನೋಡುವ ವಸ್ತುವಾಗಿರಲಿಲ್ಲ ಎಂಬುದನ್ನು ಸೇರಿಸಬೇಕು. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ 1490ರ ಆಸುಪಾಸಿನ ಒಂದು ಜರ್ಮನ್ ಮರದಚ್ಚು ಇದೆ. ನಡುವೆ ಯೇಸುವಿನ ಪಕ್ಕೆಯ ಗಾಯ, ಬಾದಾಮಿಯ ಆಕಾರದಲ್ಲಿ ದೊಡ್ಡದಾಗಿ. ಗಾಯದ ನಡುವೆ ಒಂದು ಪುಟ್ಟ ಶಿಲುಬೆ. ಜರ್ಮನ್ ಬರಹ ಹೇಳುವುದೇನು ಗೊತ್ತೇ? ಇದು ಆ ಗಾಯದ ನಿಜವಾದ ಉದ್ದಗಲ. ಈ ಶಿಲುಬೆಯನ್ನು ನಲವತ್ತು ಸಲ ಅಳೆದರೆ ಕ್ರಿಸ್ತನ ದೇಹದ ಎತ್ತರ ಬರುತ್ತದೆ. ಪಶ್ಚಾತ್ತಾಪದಿಂದ ಈ ಗಾಯಕ್ಕೆ ಮುತ್ತಿಟ್ಟವರಿಗೆ, ಇಟ್ಟಾಗಲೆಲ್ಲ, ಪೋಪ್ ಇನ್ನೊಸೆಂಟರಿಂದ ಏಳು ವರ್ಷದ ಪಾಪದಂಡನೆಯ ವಿನಾಯಿತಿ.

ಮುತ್ತಿಡುವುದಕ್ಕೆಂದೇ ಮಾಡಿದ ಕಾಗದ! ಹಸ್ತಪ್ರತಿಗಳಲ್ಲಿ ಯೇಸುವಿನ ಮುಖವೋ ಪಾದವೋ ಮಸುಕಾಗಿ, ಬಣ್ಣ ಸವೆದು, ಕಾಗದ ಮೆದುವಾಗಿರುವುದು ಕಂಡರೆ ಅದು ಕಾಲದ ಹೊಡೆತವೆಂದು ತಕ್ಷಣ ತೀರ್ಮಾನಿಸಬೇಡಿ. ತುಟಿ, ಬೆರಳು ತಾಗಿ ಸವೆದಿರುವುದೂ ಉಂಟು. ಪಾಡುಗಳ ಚಿತ್ರದಲ್ಲಿ ಮೈಮೇಲೆಲ್ಲ ಕೆಂಪು ಹನಿ ಚಿಮುಕಿಸಿದ್ದರೆ ಅದೂ ಪಡಿ ಕೆತ್ತಿದವನ ಕೆಲಸವಲ್ಲ, ಕುಂಚ ಹಿಡಿದವರದು. ಒಂದೇ ಅಚ್ಚಿನ ಎರಡು ಪ್ರತಿಯಲ್ಲಿ ಒಂದರಲ್ಲಿ ನಾಲ್ಕು ಹನಿ, ಇನ್ನೊಂದರಲ್ಲಿ ರಕ್ತದ ಮಳೆ.

ಇದರ ಮಗ್ಗುಲಲ್ಲೇ ಹಗುರವಾದ ವಸ್ತುಗಳೂ ಇವೆ. ಬಾಲಯೇಸುವಿನ ಚಿತ್ರವಿರುವ ಹೊಸವರ್ಷದ ಶುಭಾಶಯದ ಹಾಳೆಗಳು: "ಒಳ್ಳೆಯ, ಶುಭದ ವರ್ಷ" ಎಂಬ ಅರ್ಥದ ಜರ್ಮನ್ ಸಾಲು ಸುರುಳಿಯಲ್ಲಿ. ಸ್ವಂತ ಆಸ್ತಿ ಇಟ್ಟುಕೊಳ್ಳಬಾರದ ಕಡೆ ಇಂಥ ಚಿಟ್ಟೆಯಷ್ಟು ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ಉತ್ತರ ಜರ್ಮನಿಯ ಸೆಲ್ಲೆ ಬಳಿ ವೀನ್‌ಹೌಸೆನ್ ಎಂಬ ಮಠವಿದೆ. 1953ರಲ್ಲಿ ಅಲ್ಲಿ ಸೋದರಿಯರು ಪ್ರಾರ್ಥನೆಗೆ ಕೂರುತ್ತಿದ್ದ ಅಟ್ಟದ ನೆಲಹಲಗೆ ಎತ್ತಿದಾಗ ಸಂದಿಯಲ್ಲಿ ಬಿದ್ದುಹೋಗಿದ್ದ ಪುಟಾಣಿ ಭಕ್ತಿಚಿತ್ರಗಳು, ಚೀಟಿಗಳು, ಮೂಗಿನ ಮೇಲೆ ಕೂರಿಸುವ ಮರದ ಕನ್ನಡಕಗಳು ಸಿಕ್ಕವು. ಆ ಕನ್ನಡಕ ಉಳಿದಿರುವ ಕನ್ನಡಕಗಳಲ್ಲೇ ಅತಿ ಹಳೆಯವುಗಳ ಸಾಲಿನದು. ಯಾರದೋ ಕೈಜಾರಿದ್ದು, ಐನೂರು ವರ್ಷ ಹಲಗೆಯ ಕೆಳಗೆ.

ಕಡತದಹುಳು

ಈ ಕನ್ನಡಕದ ವಿಷಯ ಓದಿ ಮನೆಯವರಿಗೂ ಓದಿ ಹೇಳಿದೆ. ಎಲ್ಲರಿಗೂ ಧನ್ಯವಾದ.

ಒಂದು ಸಣ್ಣ ಸಂಶಯ. ಬಿಡಿ ಹಾಳೆಗಳಾಗಿ ಚೌಕಟ್ಟಿನಲ್ಲಿ ಇಟ್ಟಿರುವ ಮರದಚ್ಚುಗಳನ್ನೂ ವಸ್ತುಸಂಗ್ರಹಾಲಯಗಳ ತಾಣಗಳಲ್ಲಿ ನೋಡಿದೆ. ಅವು ಪುಸ್ತಕಕ್ಕೆ ಸೇರದೆ ಹಾಗೇ ಉಳಿದವೇ? ಗೋಡೆಗೆ ಅಂಟಿಸಿದವೇ?

ಮರದಚ್ಚು

ಗೋಡೆಗೆ, ಬಾಗಿಲಿಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದು ಬೇಕಾದಷ್ಟಿರಬೇಕು. ಅಂಥವು ಹೊಗೆ, ತೇವ, ಇಲಿಗಳ ಪಾಲಾದವು. ಪೆಟ್ಟಿಗೆಯ ಮುಚ್ಚಳದ ಒಳಗಿನ ಕೆಲವು ಮಾತ್ರ ಬದುಕಿವೆ. ಈಗ ಬಿಡಿಯಾಗಿ ಕಾಣುವ 15ನೇ ಶತಮಾನದ ಹಾಳೆಗಳಲ್ಲಿ ದೊಡ್ಡ ಪಾಲು ಒಂದು ಕಾಲಕ್ಕೆ ಯಾವುದೋ ಪುಸ್ತಕದೊಳಗೆ ಇದ್ದವೇ. ಎಷ್ಟೋ ಚಿತ್ರಗಳಿಗೆ ಜಗತ್ತಿನಲ್ಲಿ ಒಂದೇ ಒಂದು ಪ್ರತಿ ಉಳಿದಿದೆ. ನೂರಾರು ತೆಗೆದಿದ್ದರಲ್ಲಿ ಒಂದು.

ರಟ್ಟುಗಾರ

"ಇದ್ದವೇ" ಎಂದು ಮೆತ್ತಗೆ ಹೇಳಿಬಿಟ್ಟಿರಿ. ನಾನು ಗಟ್ಟಿಯಾಗಿ ಹೇಳುತ್ತೇನೆ: ಕಿತ್ತರು. 1803ರಲ್ಲಿ ಬವೇರಿಯಾ ಸರ್ಕಾರ ಮಠಗಳನ್ನು ಮುಚ್ಚಿಸಿತು. ಸುಮಾರು 150 ಮಠಗಳ ಪುಸ್ತಕಗಳು ಗಾಡಿಗಾಡಿಯಾಗಿ ಮ್ಯೂನಿಕ್‌ಗೆ ಬಂದವು. 19ನೇ ಶತಮಾನದಲ್ಲಿ "ಮುದ್ರಣದ ಉಗಮ" ಹುಡುಕುವ ಹುಚ್ಚು ಹಿಡಿದಿತ್ತು. ಹಳೆಯ ಮರದಚ್ಚಿಗೆ ಬೆಲೆ ಬಂತು. ಪುಸ್ತಕದಿಂದ ಚಿತ್ರ ಬಿಡಿಸಿ, ಬಿಳಿ ರಟ್ಟಿಗೆ ಹಚ್ಚಿ, ಚಿತ್ರಸಂಗ್ರಹದ ಪೆಟ್ಟಿಗೆಗೆ ಹಾಕಿದರು. ಪುಸ್ತಕ ಒಂದು ಕಟ್ಟಡದಲ್ಲಿ, ಅದರ ಚಿತ್ರ ಇನ್ನೊಂದು ಕಟ್ಟಡದಲ್ಲಿ. ಮಠಗಳಿಂದ ವ್ಯಾಪಾರಿಗಳ ಕೈಗೆ ಹೋದ ಪುಸ್ತಕಗಳ ಪಾಡು ಇನ್ನೂ ಕೆಟ್ಟದ್ದು. ಚಿತ್ರದ ಬೆನ್ನಿನ ಮೇಲೆ ಕೈಬರಹವಿದ್ದರೆ ಅದನ್ನು ಕೊಳೆಯೆಂಬಂತೆ ತೊಳೆದವರೂ ಇದ್ದಾರೆ.

ನನ್ನ ಮೇಜಿನ ಮೇಲೆ ಇಂಥ ಪುಸ್ತಕ ಬಂದಾಗ ಆಗುವ ಸಂಕಟ ಹೇಳಲಾರೆ. ಎಡಪುಟದಲ್ಲಿ ಪ್ರಾರ್ಥನೆ, "ಇಲ್ಲಿ ನೋಡು" ಎಂಬ ಧಾಟಿ, ಬಲಪುಟ ಖಾಲಿ.

ಸಂದೇಹಿ

ಕೋಪ ನ್ಯಾಯವೇ. ಆದರೂ ಒಂದು ಮಾತು. ಆ ಸಂಗ್ರಹಕಾರರು ಬೆಲೆ ಕಟ್ಟದಿದ್ದರೆ ಯಾರೂ ಇವುಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಚಿನ್ನದ ಕೆಲಸವಿಲ್ಲದ ಕಾಗದದ ಪ್ರಾರ್ಥನಾ ಪುಸ್ತಕ ರದ್ದಿಗೆ ಹೋಗುತ್ತಿತ್ತು. ವಿಲ್‌ಹೆಲ್ಮ್ ಲುಡ್‌ವಿಗ್ ಶ್ರೈಬರ್ 1926ರಿಂದ 1930ರವರೆಗೆ ಎಂಟು ಸಂಪುಟಗಳಲ್ಲಿ 15ನೇ ಶತಮಾನದ ಮರದಚ್ಚು, ಲೋಹದಚ್ಚುಗಳನ್ನೆಲ್ಲ ಪಟ್ಟಿಮಾಡಿದ್ದು ಇಂಥ ಬಿಡಿ ಹಾಳೆಗಳ ಬಲದಿಂದಲ್ಲವೇ? ಇಂದಿಗೂ ಚಿತ್ರವನ್ನು ಗುರುತಿಸುವುದು ಶ್ರೈಬರ್ ಸಂಖ್ಯೆಯಿಂದಲೇ.

ರಟ್ಟುಗಾರ

ಪಟ್ಟಿ ಬೇಕು, ನಾನೂ ದಿನವೂ ಬಳಸುತ್ತೇನೆ. ಆದರೆ ಆ ಪಟ್ಟಿಯ ಕ್ರಮ ನೋಡಿ: ಯೇಸು, ಮರಿಯಾ, ಸಂತರು, ಸಂತಿಯರು ಎಂದು ಚಿತ್ರದ ವಿಷಯದ ಮೇಲೆ. ಯಾವ ಪುಸ್ತಕ, ಯಾವ ಪ್ರಾರ್ಥನೆಯ ಎದುರು, ಯಾರ ಕೈಬರಹದ ನಡುವೆ ಎಂಬುದು ಅಲ್ಲಿ ತಲೆಬರಹವಲ್ಲ. ಪುಸ್ತಕದ ಒಳಗೇ ಉಳಿದ ಚಿತ್ರಗಳಿಂದ ಶುರುಮಾಡಿ ಈ ವಿಷಯ ಬರೆಯುವ ಕೆಲಸ ನಿಧಾನವಾಗಿ ಬಂತು. ಪೀಟರ್ ಶ್ಮಿಟ್ ಎಂಬ ಜರ್ಮನ್ ಕಲಾ ಇತಿಹಾಸಕಾರ ಅದನ್ನು ಇಡೀ ಗ್ರಂಥವಾಗಿ ಮಾಡಿದ್ದು 2003ರಲ್ಲಿ. ಪುಸ್ತಕದೊಳಗಿನ ಚಿತ್ರಕ್ಕೆ ಊರು ಇರುತ್ತದೆ, ಕಾಲ ಇರುತ್ತದೆ, ಒಡತಿ ಇರುತ್ತಾಳೆ. ಬಿಳಿ ರಟ್ಟಿನ ಮೇಲಿನ ಚಿತ್ರಕ್ಕೆ "ಬಹುಶಃ ಸ್ವಾಬಿಯಾ, ಸುಮಾರು 1460" ಎಂಬ ಚೀಟಿ ಮಾತ್ರ.

ಕಡತದಹುಳು

ರಟ್ಟುಗಾರರೇ, ನಿಮ್ಮ "ಬಲಪುಟ ಖಾಲಿ" ಎಂಬ ಸಾಲು ಓದಿ ಎದ್ದು ಮತ್ತೆ ಆ ಪುಸ್ತಕ ತೆರೆದೆ. ಮೊದಲ ದಿನ ಗಡಿಬಿಡಿಯಲ್ಲಿ ದಾಟಿಹೋಗಿದ್ದ ಪುಟ. ಖಾಲಿಯೆಂದುಕೊಂಡಿದ್ದೆ. ಹಿಗ್ಗಿಸಿ ನೋಡಿದರೆ ನಡುವೆ ಸುತ್ತಲಿಗಿಂತ ತಿಳಿಯಾದ ಒಂದು ಆಯತ. ನಾಲ್ಕು ಮೂಲೆಯಲ್ಲಿ ಕಂದು ಚುಕ್ಕೆ. ಎದುರು ಪುಟದ ಬರಹದ ಮೇಲೆ ಎಲ್ಲಿಂದಲೋ ಬಂದ ನಸುಗೆಂಪು, ಹಸಿರು ಕಲೆಗಳು. ಇದು ಅದೇ ಏನು? ಪುಸ್ತಕದ ಉಳಿದ ಚಿತ್ರಗಳು ಯೇಸುವನ್ನು ಹಿಡಿದುಕೊಟ್ಟದ್ದು, ಕೊರಡೆಯೇಟು, ಮುಳ್ಳಿನ ಕಿರೀಟ, ಆಮೇಲೆ ನೇರವಾಗಿ ಶಿಲುಬೆಯಿಂದ ಇಳಿಸುವುದು. ನಡುವಿನದು ಇಲ್ಲ.

ಪೆಗ್ನಿಟ್ಸ್‌ದಂಡೆ

ಶಿಲುಬೆಯ ಚಿತ್ರವೇ ಹೋಗಿದೆ. ಅತ್ಯಂತ ಬೇಕಾದದ್ದನ್ನೇ ಒಯ್ದಿದ್ದಾರೆ.

ರಟ್ಟುಗಾರ

ಹೌದು, ಅದೇ. ಎದುರು ಪುಟದ ಕಲೆ ಚಿತ್ರದ ಬಣ್ಣ ಒತ್ತಿ ಮೂಡಿದ್ದು. ಹಸಿರಿನಲ್ಲಿ ತಾಮ್ರದ ಅಂಶವಿದ್ದರೆ ಕಾಗದವನ್ನೇ ಕಂದಾಗಿಸುತ್ತದೆ. ಅಂದರೆ ಆ ಕಲೆ ಚಿತ್ರದ ಕನ್ನಡಿಬಿಂಬ. ಆ ಪುಟದ ತುಣುಕನ್ನು ಎಡಬಲ ತಿರುಗಿಸಿ ಬಣ್ಣದ ಗಾಢತೆ ಹೆಚ್ಚಿಸಿ ನೋಡಿ. ಮರಿಯಾಳ ಬಟ್ಟೆ ಎಲ್ಲಿ, ನೆಲದ ಹಸಿರು ಎಲ್ಲಿ ಎಂಬುದು ಸಿಕ್ಕೀತು. ಆಯತದ ಅಳತೆ ತೆಗೆದುಕೊಳ್ಳಿ. ಸ್ಕ್ಯಾನಿನ ಅಂಚಿನಲ್ಲಿ ಅಳತೆಪಟ್ಟಿ ಇಟ್ಟಿರುತ್ತಾರೆ. ಉಳಿದ ಪಾಡಿನ ಚಿತ್ರಗಳ ಅಳತೆಯೂ ಅದೇ ಇದ್ದರೆ ಎಲ್ಲವೂ ಒಂದೇ ಸರಣಿ. ಇಂಥ ಸರಣಿಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಹಲವು ದೃಶ್ಯಗಳಾಗಿ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಿದ್ದರು. ಕತ್ತರಿಸದ ಹಾಳೆಗಳೂ ಅಲ್ಲೊಂದು ಇಲ್ಲೊಂದು ಉಳಿದಿವೆ.

ಕೊನೆಯದಾಗಿ ಹುಳು ಕೊರೆದ ತೂತುಗಳು. ನಿಮ್ಮ ಹೆಸರಿಗೆ ತಕ್ಕ ಕೆಲಸ! ಆ ಪುಟದ ಹಿಂದೆ, ಮುಂದೆ ತೂತುಗಳಿದ್ದರೆ ಅವುಗಳ ಜಾಗವನ್ನು ಆಯತಕ್ಕೆ ಹೋಲಿಸಿ ಗುರುತು ಮಾಡಿಕೊಳ್ಳಿ. ಚಿತ್ರ ಎಲ್ಲೇ ಇರಲಿ, ಆ ತೂತುಗಳನ್ನು ಹೊತ್ತುಕೊಂಡೇ ಹೋಗಿರುತ್ತದೆ.

ಕಡತದಹುಳು

ಮೂರು ತೂತು. ಎರಡು ಆಯತದ ಹೊರಗೆ. ಒಂದು ಒಳಗೆ, ಎಡ ಅಂಚಿನಿಂದ ಸ್ವಲ್ಪ ಒಳಕ್ಕೆ, ಮೇಲಿನಿಂದ ಮೂರನೇ ಒಂದು ಪಾಲಿನಷ್ಟು ಕೆಳಗೆ. ನಾಳೆ ಭಾನುವಾರ. ಮ್ಯೂನಿಕ್‌ನ ಚಿತ್ರಸಂಗ್ರಹದ ತಾಣದಿಂದ ಶುರುಮಾಡುತ್ತೇನೆ.